ನೂರಕ್ಕೆ ಐವತ್ತು

ನಮ್ಮ ಶಿರಾಲಿಯಲ್ಲಿ ವರ್ಷಕ್ಕೊಮ್ಮೆ, ಚೈತ್ರದ ಹುಣ್ಣಿಮೆಗೆ, ಚಿತ್ರಾಪುರ ಮಠದ ತೇರು. ಆ ಒಂದು ವಾರ ನಮ್ಮ ಕೇರಿಯ ಬೀಗ ಹಾಕಿದ ಮನೆಗಳೆಲ್ಲ ಬಾಗಿಲು ತೆರೆಯುತ್ತವೆ. ಜೇಡ ಕಟ್ಟಿದ ಮಾಡಿನ ಕೆಳಗೆ ದೀಪ ಹತ್ತುತ್ತದೆ, ಬಾವಿಯ ರಾಟೆ ಕಿರುಗುಟ್ಟುತ್ತದೆ. ಮುಂಬಯಿಯವರು, ಪುಣೆಯವರು, ಅಮೆರಿಕದವರು, ಕೆನಡಾದವರು. ತೇರು ಮುಗಿದ ಮೂರನೆಯ ದಿನಕ್ಕೆ ಮಾವಿನ ಮಿಡಿಯ ಭರಣಿ, ಹಲಸಿನ ಹಪ್ಪಳದ ಕಟ್ಟು ಹೊತ್ತು ಎಲ್ಲರೂ ಹೊರಟರೆಂದರೆ ಬೀಗದ ಕೈ ಮತ್ತೆ ನನ್ನ ಬಳಿಗೆ ಬರುತ್ತದೆ. ಹೀಗೆ ನನ್ನ ಅಡುಗೆಮನೆಯ ಮೊಳೆಯಲ್ಲಿ ಈಗ ಏಳು ಮನೆಗಳ ಬೀಗದ ಕೈ ನೇತಾಡುತ್ತಿವೆ. ಎಂಟನೆಯದು ನನ್ನ ಮನೆಯದೇ ಆಗುತ್ತದೋ ಏನೋ ಎಂಬ ಯೋಚನೆ 2023ರಲ್ಲಿ ಮೊದಲ ಸಲ ಬಂತು. ಈ ಬರಹ ಹುಟ್ಟಿದ್ದು ಅಲ್ಲಿಂದ.

ಊರು ಬಿಡುವುದು ನಮ್ಮ ಕಡೆಯವರಿಗೆ ಹೊಸ ಮಾತಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಚೇರಿ ಮುಂಬಯಿಯದಾದ ಮೇಲೆ ಕೆಲಸವೂ ಅಲ್ಲಿನದೇ. ಇಂಗ್ಲಿಷು ಕಲಿತ ಹುಡುಗರು ಹೊನ್ನಾವರದಲ್ಲೋ ಕುಮಟೆಯಲ್ಲೋ ಹಡಗು ಹತ್ತಿ ಮುಂಬಯಿಗೆ ಹೋದರು. ಮಳೆಗಾಲದಲ್ಲಿ ಹಡಗಿಲ್ಲ, ಹೋಗುವುದಿದ್ದರೆ ಮಳೆ ಹಿಡಿಯುವ ಮೊದಲೇ ಹೋಗಬೇಕು. ಅಲ್ಲಿ ಹೋಗಿ ಮಲಗುವುದೆಲ್ಲಿ? ಊರಿನ ಯಾರದೋ ಗಿರಗಾಂವದ ಖೋಲಿಯ ಮೂಲೆಯಲ್ಲಿ. ಈ ಕಷ್ಟ ಕಂಡೇ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನೂ 1915ರಲ್ಲಿ ಗಾಂದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘವನ್ನೂ ಕಟ್ಟಿದರು. ನಮ್ಮ ದೇಶದಲ್ಲಿ ಸಹಕಾರಿ ತತ್ತ್ವದ ಮೇಲೆ ಮನೆ ಕಟ್ಟಿಕೊಂಡ ಮೊದಲಿಗರಲ್ಲಿ ಇವರೂ ಸೇರಿದವರು.

ಆ ಕಾಲಕ್ಕೂ ಒಂದು ಬಗೆಯ ಅಂಕಪಟ್ಟಿ ಇತ್ತು ಎಂದು ನನಗೆ ಈಗ ಅನಿಸುತ್ತದೆ. ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ. ಮೆಟ್ರಿಕ್ ಆಗಿದೆಯೇ, ಅಕ್ಷರ ದುಂಡಗಿದೆಯೇ, ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬರುತ್ತದೆಯೇ, ಮುಂಬಯಿಯಲ್ಲಿ ಸೋದರಮಾವ ಇದ್ದಾನೆಯೇ. ಇಷ್ಟಕ್ಕೂ ಹೌದು ಎಂದವನು ಪಾಸು. ಹೆಣ್ಣುಮಕ್ಕಳಿಗೆ ಪರೀಕ್ಷೆಯೇ ಇರಲಿಲ್ಲ. ಪಾಸಾದವನನ್ನು ಮದುವೆಯಾದರೆ ಅವರೂ ಹೋಗುತ್ತಿದ್ದರು.

ನಮ್ಮಣ್ಣ ಪಾಸಾದವನು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಮುಂಬಯಿಯಲ್ಲಿ ಕೆಲಸ ಹಿಡಿದ. ದಾದರಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ, ಬಿ.ಎಸ್ಸಿ., ಬಿ.ಎಡ್. ಮಾಡಿದ ಹುಡುಗಿಯನ್ನು ಮದುವೆಯಾದ. 1969ರ ದೀಪಾವಳಿಗೆ ಊರಿಗೆ ಬಂದವನು ಜಗಲಿಯಲ್ಲಿ ಕೂತು, 'ಕೆನಡಾದವರು ಹೊಸ ಕಾನೂನು ಮಾಡಿದ್ದಾರೆ ಅಮ್ಮಾ, ನೂರಕ್ಕೆ ಐವತ್ತು ಬಂದರೆ ಸಾಕು, ಒಳಗೆ ಬಿಡುತ್ತಾರೆ' ಎಂದ. ಅಮ್ಮ ಮಾವಿನೆಲೆಯ ತೋರಣ ಕಟ್ಟುತ್ತಿದ್ದಳು. 'ನಿನಗೆ ಯಾವಾಗ ಐವತ್ತಕ್ಕಿಂತ ಕಡಿಮೆ ಬಂದಿದೆ?' ಎಂದಳು. ಹೆಮ್ಮೆಯಿಂದಲೇ ಹೇಳಿದ್ದು. ಆಮೇಲೆ ಮಾತ್ರ ಅವಳಿಗೆ ತಾನು ಯಾವುದಕ್ಕೆ ಹೂಂ ಅಂದೆ ಎಂಬುದು ಹೊಳೆದಿರಬೇಕು. ಆ ಸಲದ ತೋರಣ ಅರ್ಧಕ್ಕೇ ನಿಂತಿತ್ತು.

ಆ ಹೊಸ ಕಾನೂನು ಜಾರಿಯಾದದ್ದು 1967ರ ಅಕ್ಟೋಬರ್ 1ರಂದು. ಅದೆಷ್ಟು ದೊಡ್ಡ ಮಾತು ಎಂಬುದು ತಿಳಿಯಬೇಕಾದರೆ ಹಿಂದಿನ ಕಥೆ ತಿಳಿದಿರಬೇಕು. 1908ರಲ್ಲಿ ಕೆನಡಾ ಸರಕಾರ ಒಂದು ನಿಯಮ ತಂದಿತ್ತು: ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರನ್ನಷ್ಟೇ ಒಳಗೆ ಬಿಡುವುದು. ನಮ್ಮ ದೇಶದಿಂದ ಅಲ್ಲಿಗೆ ಅಂಥ ಪ್ರಯಾಣ ಸಾಧ್ಯವೇ ಇಲ್ಲದಂತೆ ನೋಡಿಕೊಂಡಿದ್ದರು. ಭಾರತೀಯರಿಗೆ ಪ್ರವೇಶವಿಲ್ಲ ಎಂದು ಎಲ್ಲೂ ಬರೆಯಲಿಲ್ಲ. ಬರೆಯದೆಯೇ ಬಾಗಿಲು ಮುಚ್ಚಿದರು. 1914ರಲ್ಲಿ ಕೊಮಗಾಟಾ ಮಾರು ಎಂಬ ಹಡಗು 376 ಮಂದಿ ಭಾರತೀಯರನ್ನು ಹೊತ್ತು ವ್ಯಾಂಕೂವರಿನ ಬಂದರಿಗೆ ಹೋಯಿತು. ಎರಡು ತಿಂಗಳು ದಡ ಕಾಣುವಷ್ಟು ದೂರದಲ್ಲೇ ನಿಲ್ಲಿಸಿ, ಬೆರಳೆಣಿಕೆಯವರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕೆ ಕಳಿಸಿದರು. ಆ ಹಡಗು ಕಲಕತ್ತೆಯ ಹತ್ತಿರದ ಬಜ್ ಬಜ್‌ಗೆ ಬಂದಾಗ ಅಲ್ಲಿ ಬ್ರಿಟಿಷ್ ಸರಕಾರದ ಗುಂಡಿಗೆ ಹಲವರು ಸತ್ತರು. ಅದಕ್ಕೆ ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ಆಸ್ಟ್ರೇಲಿಯಾದವರ ಉಪಾಯ ಕೇಳಿದರೆ, ಮೂವತ್ತಾರು ವರ್ಷ ಮಕ್ಕಳಿಗೆ ಉಕ್ತಲೇಖನ ಕೊಟ್ಟ ನನ್ನಂಥವಳಿಗೆ ನಾಚಿಕೆಯಾಗುತ್ತದೆ. 1901ರ ಅವರ ಕಾನೂನಿನಲ್ಲಿ ಬಂದವನಿಗೆ ಐವತ್ತು ಪದಗಳ ಉಕ್ತಲೇಖನ ಕೊಡುವ ಅಧಿಕಾರ ಅಧಿಕಾರಿಗಿತ್ತು. ಯಾವ ಭಾಷೆಯಲ್ಲಿ? ಯುರೋಪಿನ ಯಾವ ಭಾಷೆಯಾದರೂ ಸರಿ, ಅದು ಅಧಿಕಾರಿಯ ಇಷ್ಟ. 1934ರಲ್ಲಿ ಎಗಾನ್ ಕಿಶ್ ಎಂಬ ಬರಹಗಾರ ಹಲವು ಭಾಷೆ ಬಲ್ಲವನೆಂದು ತಿಳಿದು ಅವನಿಗೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಕೊಟ್ಟರಂತೆ. ನಪಾಸು ಮಾಡಲೆಂದೇ ಮಾಡಿದ ಪರೀಕ್ಷೆ! 1958ರವರೆಗೂ ಅದು ಕಾನೂನಿನಲ್ಲಿತ್ತು.

ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಕೆನಡಾ ನಮಗೆ ಕೊಟ್ಟದ್ದು ವರ್ಷಕ್ಕೆ 150 ಜನರ ಲೆಕ್ಕ. 1957ರಲ್ಲಿ ಅದು 300 ಆಯಿತು. ಬಣ್ಣ ನೋಡಿ ಆರಿಸುವ ನಿಯಮವನ್ನು ಬಹುಮಟ್ಟಿಗೆ ತೆಗೆದುಹಾಕಿದ್ದು 1962ರಲ್ಲಿ. ಆಗ ಆ ಖಾತೆ ಎಲೆನ್ ಫೇರ್‌ಕ್ಲೋ ಎಂಬ ಹೆಂಗಸಿನ ಕೈಯಲ್ಲಿತ್ತು. ಕೆನಡಾದ ಕೇಂದ್ರ ಸಂಪುಟದ ಮೊದಲ ಮಹಿಳಾ ಮಂತ್ರಿ ಆಕೆ. ಐದು ವರ್ಷದ ಮೇಲೆ ಅಂಕಪಟ್ಟಿ ಬಂತು. ಓದಿಗೆ 20, ವರ್ಷಕ್ಕೊಂದು ಅಂಕದಂತೆ. ಅಧಿಕಾರಿ ಎದುರಿಗೆ ಕೂರಿಸಿ ಮಾತಾಡಿಸಿ ಕೊಡುವುದು 15. ಆ ಕಸುಬಿಗೆ ಅಲ್ಲಿ ಇರುವ ಬೇಡಿಕೆಗೆ 15. ಕಸುಬಿನ ಕೌಶಲಕ್ಕೆ 10, ವಯಸ್ಸಿಗೆ 10, ಮೊದಲೇ ಗೊತ್ತಾದ ಕೆಲಸಕ್ಕೆ 10, ಇಂಗ್ಲಿಷ್ ಮತ್ತು ಫ್ರೆಂಚಿಗೆ 10. ಅಲ್ಲಿ ನೆಂಟರಿದ್ದರೆ 5, ಹೋಗುವ ಊರಿನಲ್ಲಿ ಕೆಲಸ ಹೇರಳವಾಗಿದ್ದರೆ 5. ಒಟ್ಟು ನೂರು. ಬಣ್ಣಕ್ಕೆ, ಜಾತಿಗೆ, ದೇಶಕ್ಕೆ ಸೊನ್ನೆ. ನಮ್ಮ ಗಿರಗಾಂವದ ಸೋದರಮಾವ ಅಲ್ಲಿ 5 ಅಂಕವಾಗಿ ಕೂತಿದ್ದಾನೆ, ನೋಡಿ!

ಅಣ್ಣ ಅತ್ತಿಗೆ 1970ರಲ್ಲಿ ಟೊರಾಂಟೊಗೆ ಹೋದರು. ಕೈಯಲ್ಲಿ ಒಬ್ಬೊಬ್ಬರಿಗೆ ಎಂಟು ಡಾಲರ್. ಆಗ ಸರಕಾರ ಕೊಡುತ್ತಿದ್ದ ವಿದೇಶಿ ಹಣ ಅಷ್ಟೇ ಎಂದು ಅಣ್ಣ ಕೊನೆಯವರೆಗೂ ಹೇಳುತ್ತಿದ್ದ. ಅವನ ನೀಲಿ ಅಂಚಿನ ಕಾಗದಗಳಲ್ಲಿ ಮೊದಲ ವರ್ಷ ಬರೀ ಹಿಮದ ಸುದ್ದಿ. ಅತ್ತಿಗೆ ಕೊನೆಯಲ್ಲಿ ಎರಡು ಸಾಲು ಸೇರಿಸುತ್ತಿದ್ದಳು: 'ನಾನು ಸೌಖ್ಯ. ಇಲ್ಲಿ ಎಲ್ಲ ಅನುಕೂಲ.' ಅವಳ ಕೆಲಸದ ಸುದ್ದಿ ಯಾವ ಕಾಗದದಲ್ಲೂ ಇರುತ್ತಿರಲಿಲ್ಲ. ನಾವೂ ಕೇಳಲಿಲ್ಲ.

ಅವಳ ಬಿ.ಎಡ್. ಅಲ್ಲಿ ನಡೆಯಲಿಲ್ಲ ಎಂದು ನಮಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಒಂದು ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸವನ್ನು ಅವಳು ಹನ್ನೊಂದು ವರ್ಷ ಮಾಡಿದಳು. ಮೆಂಡಲೀಫನ ಕೋಷ್ಟಕವನ್ನು ಹಾಡಿನಂತೆ ಕಲಿಸುತ್ತಿದ್ದವಳು! ಅಣ್ಣನ ಓದಿಗೆ ಒಂದೊಂದು ವರ್ಷಕ್ಕೆ ಒಂದೊಂದು ಅಂಕ ಸಿಕ್ಕಿತ್ತು. ಅತ್ತಿಗೆಯ ಓದನ್ನು ಯಾರೂ ಎಣಿಸಲೇ ಇಲ್ಲ. ಆ ಕಾಲಕ್ಕೆ ಸಾಮಾನ್ಯವಾಗಿ ಮನೆಯ ಯಜಮಾನನನ್ನು ಅಳೆಯುತ್ತಿದ್ದರು. ಹೆಂಡತಿ ಮಕ್ಕಳು ಅವನ ಹಿಂದೆ ಬರುವ ಗಂಟುಮೂಟೆ. ಕೇರಳದ ನರ್ಸುಗಳಂತೆ ತಮ್ಮ ಕಸುಬಿನ ಬಲದ ಮೇಲೆ ತಾವೇ ಹೋಗಿ ಆಮೇಲೆ ಗಂಡಂದಿರನ್ನು ಕರೆಸಿಕೊಂಡವರೂ ಇದ್ದರು. ನಮ್ಮ ಕೇರಿಗೆ ಅದು ತಿಳಿಯದ ದಾರಿ.

ಇನ್ನು ನಮ್ಮ ತಾಲೂಕಿನಲ್ಲೇ ಇನ್ನೊಂದು ದಾರಿ ಇತ್ತು. ಭಟ್ಕಳದ ನವಾಯತ ಮನೆಗಳ ಗಂಡಸರು ಗಲ್ಫಿಗೆ ಹೋದರು. ಅಲ್ಲಿ ಅಂಕವಿಲ್ಲ, ಪಟ್ಟಿಯಿಲ್ಲ; ಕೆಲಸ ಕೊಡುವ ಮಾಲೀಕ ಇದ್ದರಾಯಿತು. ಆದರೆ ಮೂವತ್ತು ವರ್ಷ ದುಡಿದರೂ ಅಲ್ಲಿಯವರಾಗುವುದಿಲ್ಲ. ಕೆಲಸ ಮುಗಿದರೆ ಊರಿಗೆ. ನನ್ನ ಶಾಲೆಯ ಮಕ್ಕಳಲ್ಲಿ ಅಪ್ಪನನ್ನು ಎರಡು ವರ್ಷಕ್ಕೊಮ್ಮೆ ಕಂಡವರು ಎಷ್ಟು ಜನರಿದ್ದರು! ಅಳ್ವೆಕೋಡಿಯ ಮೀನುಗಾರರ ಮಕ್ಕಳ ಅಪ್ಪಂದಿರು ಕಡಲಿಗೆ ಹೋದರೂ ಮರಳಿ ಮನೆಗೆ ಬರುತ್ತಿದ್ದರು. ಯಾವ ಕಡಲು ದೊಡ್ಡದು ಎಂದು ಆ ಮಕ್ಕಳಿಗೆ ಭೂಗೋಳ ಕಲಿಸಬೇಕಾಗಿರಲಿಲ್ಲ.

ಈಗ 2023ಕ್ಕೆ ಬರುತ್ತೇನೆ. ನನಗೆ ಮದುವೆ ತಡವಾಯಿತು, ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಎಂ.ಸಿ.ಎ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಳಿಯ ಮೆಕ್ಯಾನಿಕಲ್ ಇಂಜಿನಿಯರು. ನಾಲ್ಕು ವರ್ಷದ ಮೊಮ್ಮಗ. ಆ ವರ್ಷದ ತೇರಿಗೆ ಬಂದವರು ಊಟವಾದ ಮೇಲೆ ಜಗಲಿಯಲ್ಲಿ ಲ್ಯಾಪ್‌ಟಾಪು ಬಿಚ್ಚಿ ಕೂತರು. ಅಣ್ಣ ಕೂತಿದ್ದ ಜಾಗವೇ. ಕೆನಡಾದ ಲೆಕ್ಕ ಎಂದರು. ನಾನು ಹಳೆಯ ಜ್ಞಾನದಿಂದ, 'ನೂರಕ್ಕೆ ಐವತ್ತಲ್ಲವೇ?' ಎಂದೆ. ಇಬ್ಬರೂ ನಕ್ಕರು.

ಈಗ ಎರಡು ಪರೀಕ್ಷೆ. ಮೊದಲನೆಯದರಲ್ಲಿ ನೂರಕ್ಕೆ 67 ಬೇಕು. 2002ರಲ್ಲಿ 75 ಎಂದು ಮಾಡಿ, ಮರುವರ್ಷ 67ಕ್ಕೆ ಇಳಿಸಿದ್ದು. ಅದು ಪಾಸಾದವರನ್ನು 2015ರಿಂದ 1200 ಅಂಕದ ಇನ್ನೊಂದು ಸಾಲಿನಲ್ಲಿ ನಿಲ್ಲಿಸುತ್ತಾರೆ. ಇಲ್ಲಿ ಪಾಸು ನಪಾಸು ಎಂಬುದಿಲ್ಲ. ಮೇಲಿನಿಂದ ಕರೆಯುತ್ತ ಬರುತ್ತಾರೆ, ಎಲ್ಲಿ ನಿಲ್ಲಿಸುತ್ತಾರೋ ಅದೇ ಆ ದಿನದ ಗೆರೆ. ಆ ವರ್ಷ ಗೆರೆ ಬಹುತೇಕ 500ರ ಆಸುಪಾಸಿನಲ್ಲಿ ಓಡಾಡುತ್ತಿತ್ತು. ನಮ್ಮಣ್ಣ ಒಂದು ಗೋಡೆ ಹಾರಿದ್ದ. ಇವರು ಓಟದಲ್ಲಿ ಮುಂದಿರಬೇಕು. ವಯಸ್ಸಿಗೆ ಇರುವ ಲೆಕ್ಕವಂತೂ ಕ್ರೂರ. ಗಂಡಹೆಂಡಿರು ಕೂಡಿ ಹೋಗುವುದಾದರೆ ಇಪ್ಪತ್ತೊಂಬತ್ತರವರೆಗೆ 100, ಮೂವತ್ತಾಯಿತೆಂದರೆ ಪ್ರತಿ ಹುಟ್ಟುಹಬ್ಬಕ್ಕೆ 5 ಕಡಿಮೆ, ನಲವತ್ತು ದಾಟಿದರೆ ವರ್ಷಕ್ಕೆ 10, ನಲವತ್ತೈದಕ್ಕೆ ಸೊನ್ನೆ. ಮಗಳ ಹುಟ್ಟುಹಬ್ಬಕ್ಕೆ ಪಾಯಸ ಮಾಡುವ ನನಗೆ ಇದನ್ನು ಕೇಳಿ ಸೌಟು ಕೆಳಗಿಡುವಂತಾಯಿತು.

ಅವರು ಹಾಕಿಟ್ಟಿದ್ದ ಲೆಕ್ಕ ಅಳಿಯನ ಹೆಸರಿನಲ್ಲಿ. ಅವನಿಗೆ ಮೂವತ್ತೆಂಟು, ಬಿ.ಇ., ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದು ಮೆಟ್ಟಿಲು ಕೆಳಗೆ. ಎಲ್ಲ ಕೂಡಿಸಿದರೆ 323. ಇಷ್ಟರಲ್ಲಿ ಆಗುವ ಹೋಗುವ ಮಾತಲ್ಲ ಎಂದು ಮುಖ ಸಣ್ಣದು ಮಾಡಿಕೊಂಡಿದ್ದರು. ನಾನು ಲೆಕ್ಕದ ಟೀಚರು. 'ಅವಳ ಹೆಸರಿನಲ್ಲಿ ಹಾಕಿದರೆ ಎಷ್ಟು?' ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹಾಕಿಯೇ ನೋಡಿರಲಿಲ್ಲ! ಕಾನೂನು ಬೇಡ ಎಂದಿರಲಿಲ್ಲ, ಯಾರೂ ತಡೆದಿರಲಿಲ್ಲ, ತೋಚಿರಲಿಲ್ಲ ಅಷ್ಟೇ. ಅವಳಿಗೆ ಮೂವತ್ಮೂರು, ಸ್ನಾತಕೋತ್ತರ ಪದವಿ, ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ. ಲೆಕ್ಕ 442ಕ್ಕೆ ಬಂತು. ಅದೇ ಗಂಡ, ಅದೇ ಹೆಂಡತಿ, ಅದೇ ಮಗು; ಹೆಸರು ಹಿಂದೆ ಮುಂದೆ ಆದದ್ದಕ್ಕೆ 119 ಅಂಕ ಹೆಚ್ಚು.

ಅಳಿಯ ಒಳ್ಳೆಯ ಹುಡುಗ. ಆದರೂ ಅಂದು ಸಂಜೆಯೆಲ್ಲ ಮೌನವಾಗಿದ್ದ. ಬೀಗಿತ್ತಿ ಫೋನಿನಲ್ಲಿ, 'ಹೆಂಡತಿಯ ಬೆನ್ನಿಗೆ ಹೋಗುವುದೇ? ನಾಲ್ಕು ಜನ ಏನೆಂದಾರು?' ಎಂದರಂತೆ. ಮಗಳು ಅಳು ನುಂಗಿಕೊಂಡು, 'ಬೇಡ ಬಿಡಮ್ಮಾ, ಇದರಿಂದ ಮನಸ್ಸು ಕೆಡುವುದಾದರೆ ಕೆನಡಾನೇ ಬೇಡ' ಎಂದಳು. ನಾನು ಏನೂ ಹೇಳಲಿಲ್ಲ. ರಾತ್ರಿ ಅತ್ತಿಗೆಗೆ ಫೋನು ಮಾಡಿದೆ. ಅಣ್ಣ 2016ರಲ್ಲಿ ತೀರಿಕೊಂಡ. ಅತ್ತಿಗೆ ಅಲ್ಲೇ ಮಗನ ಮನೆಯ ಹತ್ತಿರ ಇದ್ದಾಳೆ. ಎಲ್ಲ ಕೇಳಿದಳು. ಫೋನನ್ನು ಅಳಿಯನ ಕೈಗೆ ಕೊಡು ಎಂದಳು.

ಅವಳು ಏನು ಹೇಳಿದಳೆಂದು ಅಳಿಯನೇ ಮರುದಿನ ಬೆಳಿಗ್ಗೆ ದೋಸೆಗೆ ಕೂತಾಗ ನನಗೆ ಹೇಳಿದ. 'ನಿಮ್ಮ ಮಾವ ಒಳ್ಳೆಯವರೇ. ಆದರೆ ಆ ಅರ್ಜಿಯಲ್ಲಿ ನಾನು ಬರೀ ಒಂದು ಹೆಸರು. ಇಳಿದ ದಿನದಿಂದ ಕೊನೆಯವರೆಗೂ ಅವರ ಕಾಗದ ಮುಂದೆ, ನನ್ನ ಕಾಗದ ಪೆಟ್ಟಿಗೆಯಲ್ಲಿ. ನಿಮಗೆ ಒಂದು ಸಂಜೆ ನೋವಾಯಿತು. ನನಗೆ ಹನ್ನೊಂದು ವರ್ಷ' ಎಂದಳಂತೆ. ಅವನು ದೋಸೆ ಮುರಿಯುತ್ತ, 'ಅತ್ತೆ, ಅರ್ಜಿ ಅವಳ ಹೆಸರಲ್ಲೇ ಇರಲಿ' ಎಂದ. ನಾನು ಕಾವಲಿಯ ಕಡೆ ತಿರುಗಿಕೊಂಡೆ.

ಆದರೆ 442 ಗೆರೆಗೆ ಮುಟ್ಟುವುದಿಲ್ಲವಲ್ಲ. ಬೆಂಗಳೂರಿನ ಒಬ್ಬ ಏಜೆಂಟ ಆಗ ಒಂದು ದಾರಿ ತೋರಿಸಿದ. ಕೆಲವು ಲಕ್ಷ ಕೊಟ್ಟರೆ ಅಲ್ಲಿಯ ಒಂದು ಅಂಗಡಿಯಿಂದ ಕೆಲಸದ ಪತ್ರ ತರಿಸಿಕೊಡುತ್ತಾನಂತೆ. ಆಗ ಅಂಥ ಪತ್ರಕ್ಕೆ 50 ಅಂಕವಿತ್ತು, ದೊಡ್ಡ ಹುದ್ದೆಯಾದರೆ 200. ಕೆಲಸ ಮಾತ್ರ ನಿಜವಾಗಿ ಇರುವುದಿಲ್ಲ. ಎಲ್ಲರೂ ಮಾಡುತ್ತಾರೆ ಎಂದನಂತೆ. ಪರೀಕ್ಷೆಯ ಕೋಣೆಯಲ್ಲಿ ಇದೇ ಮಾತನ್ನು ನಾನು ಎಷ್ಟು ಹುಡುಗರ ಬಾಯಲ್ಲಿ ಕೇಳಿಲ್ಲ! 'ಚೀಟಿ ಇಟ್ಟು ಬರೆದ ಅಂಕ ನಿನ್ನದಲ್ಲ' ಎಂದಷ್ಟೇ ಹೇಳಿದೆ. ಸಿಕ್ಕಿಬಿದ್ದರೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ ಎಂದು ಮಗಳೇ ಓದಿ ತಿಳಿದಳು. ಇಂಥ ಮಾರಾಟ ಹೆಚ್ಚಾಯಿತೆಂದು 2025ರ ಮಾರ್ಚಿನಲ್ಲಿ ಕೆನಡಾ ಆ ಅಂಕವನ್ನೇ ತೆಗೆದುಹಾಕಿತು. ಲಕ್ಷ ಕೊಟ್ಟು ಕಾದು ಕೂತವರ ಗತಿ ಏನಾಯಿತೋ!

ಉಳಿದದ್ದು ಒಂದೇ ದಾರಿ: ಫ್ರೆಂಚ್. ಇಂಗ್ಲಿಷಿನ ಜೊತೆಗೆ ಅದೂ ಒಂದು ಮಟ್ಟಕ್ಕೆ ಬಂದರೆ ಅವಳಿಗೆ 62 ಅಂಕ ಕೂಡುತ್ತದೆ. 2023ರಿಂದ ಫ್ರೆಂಚ್ ಬಲ್ಲವರನ್ನು ಬೇರೆ ಸಾಲಿನಲ್ಲಿ ಕರೆಯುವುದೂ ಶುರುವಾಗಿದೆ. ಮಗಳು ಆಫೀಸು ಮುಗಿಸಿ, ಮಗುವನ್ನು ಮಲಗಿಸಿ, ರಾತ್ರಿ ಹತ್ತರ ಮೇಲೆ ಫ್ರೆಂಚ್ ಕಲಿಯುತ್ತಿದ್ದಾಳೆ. ಆ ಹೊತ್ತಿಗೆ ಪಾತ್ರೆ ತೊಳೆಯುವವನು ಅಳಿಯ.

ಕಾಗದಪತ್ರದ ಗೋಳು ಬೇರೆಯೇ ಇದೆ. ಪದವಿಯನ್ನು ಅಲ್ಲಿಯ ಪದವಿಗೆ ಹೋಲಿಸಿ ಕೊಡುವ ಪತ್ರ ಐದು ವರ್ಷ ನಡೆಯುತ್ತದೆ, ಭಾಷೆಯ ಪರೀಕ್ಷೆ ಎರಡೇ ವರ್ಷ. ಕರೆ ಬಂದ ಮೇಲೆ ಎಲ್ಲ ಕಾಗದ ಸೇರಿಸಲು ಅರವತ್ತು ದಿನ. ಮೂವರ ಕುಟುಂಬವೆಂದರೆ ಖಾತೆಯಲ್ಲಿ ಇಪ್ಪತ್ತು ಸಾವಿರ ಡಾಲರಿಗೂ ಮೇಲೆ ತೋರಿಸಬೇಕು, ಸಾಲದ ಹಣವಾಗಬಾರದು. ಅಣ್ಣನ ಎಂಟು ಡಾಲರು ನೆನಪಾಗಿ ನಗು ಬಂತು. ಹೆಣ್ಣುಮಕ್ಕಳಿಗೆ ಇನ್ನೂ ಒಂದು ತೊಡಕು, ಹೆಸರಿನದು. ಎಸ್.ಎಸ್.ಎಲ್.ಸಿ. ಕಾರ್ಡಿನಲ್ಲಿ ಅಪ್ಪನ ಇನಿಶಿಯಲ್ಲು, ಪದವಿ ಪತ್ರದಲ್ಲಿ ಮನೆತನದ ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಮೂವರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಲು ನಾವು ಭಟ್ಕಳಕ್ಕೆ ಎರಡು ಸಲ ಓಡಾಡಿದೆವು. ಅಳಿಯನಿಗೆ ಹುಟ್ಟಿದಂದಿನಿಂದ ಒಂದೇ ಹೆಸರು.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ 1967ರ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನನ್ನದೇ ಲೆಕ್ಕ ಹಾಕಿದೆ. 1973ರ ನಾನು. ಹನ್ನೊಂದು ವರ್ಷದ ಓದು, ಎರಡು ವರ್ಷ ಶಿಕ್ಷಕಿ ತರಬೇತಿ: 13. ವಯಸ್ಸಿಗೆ 10. ಅಣ್ಣನಿಗಾಗಿ 5. ಟೊರಾಂಟೊ ದೊಡ್ಡ ಪೇಟೆಯೆಂದು 5. ನನ್ನ ಇಂಗ್ಲಿಷಿಗೆ 3, ಕೈ ಬಿಗಿ ಹಿಡಿದೇ ಕೊಟ್ಟದ್ದು. ಕಸುಬಿಗೆ 7. ಒಟ್ಟು 43. ಉಳಿದ ಏಳನ್ನು ಎದುರಿಗೆ ಕೂತ ಅಧಿಕಾರಿ ಕೊಡಬೇಕಿತ್ತು: ಧೈರ್ಯಕ್ಕೆ, ಹೊಂದಿಕೊಳ್ಳುವ ಗುಣಕ್ಕೆ. ಆಷಾಢದ ಮಳೆಯಲ್ಲಿ ಗದ್ದೆಯ ಹುಣಿಯ ಮೇಲೆ ಶಾಲೆಗೆ ನಡೆದವಳಿಗೆ ಏಳು ಕೊಡುತ್ತಿರಲಿಲ್ಲವೇ? ಹೋಗುವ ಆಸೆ ನನಗೆ ಎಂದೂ ಇರಲಿಲ್ಲ. ಆದರೆ ಲೆಕ್ಕ ಹಾಕಬಹುದಿತ್ತು ಎಂಬುದು ಆಗ ನನಗೂ ತೋಚಿರಲಿಲ್ಲ, ನನ್ನಮ್ಮನಿಗೂ ತೋಚಿರಲಿಲ್ಲ. ಆ ಮಧ್ಯಾಹ್ನ ಬಹಳ ಹೊತ್ತು ಆ ಚೀಟಿ ಹಿಡಿದು ಕೂತಿದ್ದೆ.

ಹಿಂದೆ ಉಳಿಯುವ ತಾಯಿಗೆ ಯಾವ ಪಟ್ಟಿಯಲ್ಲೂ ಅಂಕವಿಲ್ಲ. ಮಗಳು ಇದನ್ನು ಬಾಯಿಬಿಟ್ಟು ಹೇಳಿಲ್ಲ, ಆದರೆ ತಂದೆತಾಯಿ ಹೋಗಿ ಇದ್ದು ಬರುವ ವೀಸಾದ ನಿಯಮಗಳನ್ನು ಓದುತ್ತಿರುವುದನ್ನು ಕಂಡಿದ್ದೇನೆ. 'ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡ' ಎಂದೆ. ಅದು ಪೂರ್ತಿ ನಿಜವಲ್ಲ. ಅವಳಿಗೂ ಗೊತ್ತು.

ಈ ಲೆಕ್ಕ ಇನ್ನೂ ಮುಗಿದಿಲ್ಲ. ಎರಡು ಹುಟ್ಟುಹಬ್ಬ ಕಳೆದು ಹತ್ತು ಅಂಕ ಹೋಯಿತು. ಫ್ರೆಂಚ್ ಪರೀಕ್ಷೆ ಬರಬೇಕಾಗಿದೆ. ಆಗುತ್ತದೋ ಇಲ್ಲವೋ. ನಿಮ್ಮ ಮನೆಯಲ್ಲೂ ಇಂಥ ಲೆಕ್ಕ ನಡೆಯುತ್ತಿದ್ದರೆ ಒಂದು ಮಾತು: ಎರಡೂ ಹೆಸರಿನಲ್ಲಿ ಹಾಕಿ ನೋಡಿ. ಹೋಗುವುದು ಬಿಡುವುದು ಆಮೇಲಿನ ಮಾತು.

ಈ ಸಲದ ತೇರಿಗೆ ಬಂದಾಗ ಮೊಮ್ಮಗ ಅಡುಗೆಮನೆಯ ಮೊಳೆಯಲ್ಲಿದ್ದ ಬೀಗದ ಕೈಗಳನ್ನು ಫ್ರೆಂಚಿನಲ್ಲಿ ಎಣಿಸಿದ. ಏಳಕ್ಕೆ ನಿಂತು, ಎಂಟಕ್ಕೆ ಏನನ್ನುತ್ತಾರೆಂದು ಅಮ್ಮನನ್ನು ಕೇಳಲು ಓಡಿದ.